ಗ್ರಾಮರ್ ಬರುತ್ತದೆ, ಪ್ಯಾಸೇಜ್ ಅರ್ಥವಾಗುವುದಿಲ್ಲ: ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಭ್ಯಾಸ ಹೇಗಿರಬೇಕು?

ಪ್ರಶ್ನೆ: ನಾನು ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಇಂಗ್ಲಿಷ್ ನನಗೆ ದ್ವಿತೀಯ ಭಾಷೆ. ಗ್ರಾಮರ್ ಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬುವುದು, ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್‌ಗೆ ಬದಲಾಯಿಸುವುದು ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಆದರೆ ಮೊದಲು ಓದಿರದ ಪ್ಯಾಸೇಜ್ ಕೊಟ್ಟರೆ, ಒಂದೊಂದು ಪದದ ಅರ್ಥ ಗೊತ್ತಿದ್ದರೂ ವಾಕ್ಯ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನ ಯಾವ ಸಾಲಿನಲ್ಲಿದೆಯೋ ಆ ಸಾಲನ್ನೇ ಉತ್ತರವಾಗಿ ಬರೆದುಬಿಡುತ್ತೇನೆ. ನಾನು ಗ್ರಾಮರ್ ಅಭ್ಯಾಸವನ್ನು ಇನ್ನೂ ಹೆಚ್ಚಿಸಬೇಕೆ, ಅಥವಾ ಪದಗಳ ಅರ್ಥವನ್ನು ಬಾಯಿಪಾಠ ಮಾಡಬೇಕೆ? ದಿನಕ್ಕೆ ಎಷ್ಟು ಹೊತ್ತು ಓದಬೇಕು? ಸಾಲನ್ನು ಹಾಗೆಯೇ ಇಳಿಸಿ ಬರೆಯುವುದು ತಪ್ಪೇ?

ಉತ್ತರ: ‘ಒಂದೊಂದು ಪದದ ಅರ್ಥ ಗೊತ್ತಿದ್ದರೂ’ ಎಂದು ನೀವು ಬರೆದಿರುವುದರಿಂದ ನಿಮ್ಮ ತೊಂದರೆ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ನೀವೇ ಹೇಳಿದಂತಾಗಿದೆ. ಪದಗಳು ಗೊತ್ತಿದ್ದೂ ವಾಕ್ಯ ಕೈಗೆ ಸಿಗುತ್ತಿಲ್ಲವೆಂದರೆ, ಆ ಪದಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದು ಎಂಬುದು ಕಾಣುತ್ತಿಲ್ಲ ಎಂದರ್ಥ. ಅದನ್ನು ಕಾಣಿಸಬೇಕಾದದ್ದು ವ್ಯಾಕರಣವೇ. ಹಾಗಿದ್ದೂ ಗ್ರಾಮರ್ ಪುಸ್ತಕದಲ್ಲಿ ಸರಿಯುತ್ತರ ಬರೆಯುವ ನಿಮಗೆ ಓದುವಾಗ ಅದು ನೆರವಿಗೆ ಬರುತ್ತಿಲ್ಲ, ಏಕೆಂದರೆ ಆ ಪುಸ್ತಕಗಳ ಅಭ್ಯಾಸದಲ್ಲಿ ಕಷ್ಟದ ಅರ್ಧವನ್ನು ಪುಸ್ತಕವೇ ಮಾಡಿಕೊಟ್ಟಿರುತ್ತದೆ. ಕ್ರಿಯಾಪದವನ್ನು ಹೆಕ್ಕಿ ಆವರಣದಲ್ಲಿ ಇಟ್ಟಿರುತ್ತಾರೆ, ಪಾಠದ ತಲೆಯ ಮೇಲೆಯೇ ‘ಪ್ಯಾಸಿವ್ ವಾಯ್ಸ್’ ಎಂದು ಬರೆದಿರುತ್ತಾರೆ, ವಾಕ್ಯ ಏಳೆಂಟು ಪದಗಳನ್ನು ಮೀರುವುದಿಲ್ಲ. ಪ್ಯಾಸೇಜಿನಲ್ಲಿ ಕ್ರಿಯಾಪದ ಎಲ್ಲಿದೆ ಎಂದು ಹುಡುಕುವುದೂ, ಅದು ಪ್ಯಾಸಿವ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದೂ ನಿಮ್ಮದೇ ಕೆಲಸ. ಆದ್ದರಿಂದ ಗ್ರಾಮರ್ ಪುಸ್ತಕದ ಇನ್ನೂ ಇನ್ನೂರು ವಾಕ್ಯಗಳನ್ನು ತುಂಬುವುದರಿಂದ ನಿಮಗೆ ದೊಡ್ಡ ಪ್ರಯೋಜನವಾಗುವುದಿಲ್ಲ. ಗ್ರಾಮರಿಗೆ ಒಂದು ಗಂಟೆ, ಓದಿಗೆ ಒಂದು ಗಂಟೆ ಎಂದು ಬೇರೆ ಮಾಡದೆ, ಒಂದೇ ನಾಲ್ಕು ಸಾಲಿನ ಮೇಲೆ ಎರಡನ್ನೂ ಮಾಡಬೇಕು ಎಂಬುದು ನನ್ನ ಸಲಹೆ. ಅದು ಹೇಗೆಂದು ತುಸು ವಿವರವಾಗಿ ಹೇಳುತ್ತೇನೆ.

ಮೊದಲು ಕನ್ನಡದವರಿಗೆ ಇಂಗ್ಲಿಷಿನ ಉದ್ದ ವಾಕ್ಯ ಏಕೆ ತೊಡಕಾಗುತ್ತದೆ ಎಂಬುದನ್ನು ನೋಡೋಣ. ಕನ್ನಡ ವಾಕ್ಯದ ಮುಖ್ಯ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ, ಒಂದು ವಸ್ತುವನ್ನು ಕುರಿತ ವಿವರಣೆ ಎಷ್ಟೇ ಉದ್ದವಾಗಿದ್ದರೂ ಆ ವಸ್ತುವಿನ ಹೆಸರಿಗಿಂತ ಮೊದಲೇ ಬಂದು ಮುಗಿಯುತ್ತದೆ. ‘ನಿನ್ನೆ ಸಂಜೆ ನಮ್ಮ ಮನೆಗೆ ಬಂದ ಹುಡುಗ’ ಎನ್ನುತ್ತೇವೆ. ‘ಹುಡುಗ’ ಎಂಬ ಪದ ಬರುವ ಹೊತ್ತಿಗೆ ಅವನ ಬಗ್ಗೆ ಹೇಳಬೇಕಾದದ್ದೆಲ್ಲ ಹೇಳಿಯಾಗಿರುತ್ತದೆ, ಮುಂದೆ ಬರುವುದು ಅವನು ಏನು ಮಾಡಿದ ಎಂಬುದು. ಇಂಗ್ಲಿಷಿನಲ್ಲಿ ಒಂದೆರಡು ಪದಗಳ ವಿಶೇಷಣ ನಾಮಪದಕ್ಕಿಂತ ಮೊದಲು ಬರುವುದಾದರೂ, ಉದ್ದದ ವಿವರಣೆ ನಾಮಪದ ಆದ ಮೇಲೆ ಬರುತ್ತದೆ: ‘ದಿ ಬಾಯ್ ಹೂ ಕೇಮ್ ಟು ಅವರ್ ಹೌಸ್ ಯೆಸ್ಟರ್ಡೇ ಈವ್ನಿಂಗ್’. ಇದಾದ ನಂತರವೇ ಮುಖ್ಯ ಕ್ರಿಯಾಪದ. ಹೀಗಾಗಿ ಕರ್ತೃಪದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಇನ್ನೊಂದು ಚಿಕ್ಕ ವಾಕ್ಯ ಅದರದೇ ಕ್ರಿಯಾಪದದೊಡನೆ ಬಂದು ಕೂತಿರುತ್ತದೆ. ಓದುವವರು ಮೊದಲು ಕಂಡ ಕ್ರಿಯಾಪದವನ್ನೇ ಮುಖ್ಯವೆಂದು ಹಿಡಿದರೆ ಅರ್ಥ ಅಲ್ಲಿಂದಲೇ ಜಾರುತ್ತದೆ.

ಒಂದು ಪುಟ್ಟ ಪ್ಯಾಸೇಜನ್ನು ಇದಕ್ಕಾಗಿಯೇ ಬರೆದಿದ್ದೇನೆ. ಇಲ್ಲಿ ಕನ್ನಡ ಲಿಪಿಯಲ್ಲಿದೆ. ಮುಂದೆ ಓದುವ ಮೊದಲು ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ, ಆ ನೆವದಲ್ಲಿ ಸ್ಪೆಲಿಂಗ್ ಅಭ್ಯಾಸವೂ ಆಗುತ್ತದೆ.

‘ದಿ ಪವರ್ ಸ್ಟೇಷನ್ ಅಟ್ ಶಿವನಸಮುದ್ರ, ವಿಚ್ ಬಿಗ್ಯಾನ್ ಸಪ್ಲೈಯಿಂಗ್ ಎಲೆಕ್ಟ್ರಿಸಿಟಿ ಟು ದಿ ಕೋಲಾರ್ ಗೋಲ್ಡ್ ಫೀಲ್ಡ್ಸ್ ಇನ್ 1902, ವಾಸ್ ಬಿಲ್ಟ್ ಆನ್ ದಿ ಕಾವೇರಿ. ದಿ ಲೈನ್ ದಟ್ ಕ್ಯಾರಿಡ್ ಪವರ್ ಟು ದಿ ಮೈನ್ಸ್ ವಾಸ್ ನಿಯರ್ಲಿ 150 ಕಿಲೋಮೀಟರ್ಸ್ ಲಾಂಗ್. ಬ್ಯಾಂಗಲೋರ್ ಹ್ಯಾಡ್ ಟು ವೇಟ್ ಅಂಟಿಲ್ 1905 ಫಾರ್ ಇಟ್ಸ್ ಎಲೆಕ್ಟ್ರಿಕ್ ಲೈಟ್ಸ್. ಬೈ ದೆನ್ ದಿ ಮೈನ್ಸ್ ಹ್ಯಾಡ್ ಬೀನ್ ಯೂಸಿಂಗ್ ದಿಸ್ ಪವರ್ ಫಾರ್ ಥ್ರೀ ಇಯರ್ಸ್.’

ಮೊದಲನೆಯ ವಾಕ್ಯವನ್ನೇ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ಅದರಲ್ಲಿರುವ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯಿರಿ. ‘ಬಿಗ್ಯಾನ್ ಸಪ್ಲೈಯಿಂಗ್’ ಒಂದು, ‘ವಾಸ್ ಬಿಲ್ಟ್’ ಇನ್ನೊಂದು. ಈಗ ‘ವಿಚ್’ ಎಂಬಲ್ಲಿಂದ 1902ರವರೆಗಿನ ಭಾಗವನ್ನು ಆವರಣದಲ್ಲಿ ಹಾಕಿ. ಎರಡು ಕಾಮಾಗಳ ನಡುವೆ ಇರುವುದು ಅದೇ. ಆವರಣವನ್ನು ಬಿಟ್ಟು ಓದಿದರೆ ‘ದಿ ಪವರ್ ಸ್ಟೇಷನ್ ಅಟ್ ಶಿವನಸಮುದ್ರ ವಾಸ್ ಬಿಲ್ಟ್ ಆನ್ ದಿ ಕಾವೇರಿ’ ಎಂದು ಉಳಿಯುತ್ತದೆ. ಇದು ವಾಕ್ಯದ ಬೆನ್ನೆಲುಬು. ಆವರಣದಲ್ಲಿರುವುದು ಆ ವಿದ್ಯುತ್ ಕೇಂದ್ರದ ಬಗೆಗಿನ ಹೆಚ್ಚಿನ ಮಾಹಿತಿ. ಕನ್ನಡದಲ್ಲಿ ಇದನ್ನೇ ಹೇಳುವುದಾದರೆ ಆವರಣದ ಮಾತು ಮೊದಲಿಗೆ ಬರುತ್ತದೆ: ‘1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸತೊಡಗಿದ ಶಿವನಸಮುದ್ರದ ವಿದ್ಯುತ್ ಕೇಂದ್ರವನ್ನು ಕಾವೇರಿ ನದಿಯ ಮೇಲೆ ಕಟ್ಟಲಾಗಿತ್ತು.’

ಈಗ ಒಂದು ಪ್ರಶ್ನೆ. ಈ ಪ್ಯಾಸೇಜಿನ ಪ್ರಕಾರ ವಿದ್ಯುತ್ ಕೇಂದ್ರವನ್ನು ಯಾವ ವರ್ಷ ಕಟ್ಟಿದರು? ನೀವು 1902 ಎಂದು ಬರೆಯಲು ಹೊರಟಿದ್ದರೆ ಆವರಣವನ್ನು ಇನ್ನೊಮ್ಮೆ ನೋಡಿ. 1902 ಎಂಬುದು ಆವರಣದ ಒಳಗಿದೆ. ಅದು ‘ಬಿಗ್ಯಾನ್ ಸಪ್ಲೈಯಿಂಗ್’ ಎಂಬುದಕ್ಕೆ ಸೇರಿದ ವರ್ಷವೇ ಹೊರತು ‘ವಾಸ್ ಬಿಲ್ಟ್’ ಎಂಬುದಕ್ಕೆ ಸೇರಿದ್ದಲ್ಲ. ಕಟ್ಟಿದ ವರ್ಷವನ್ನು ಪ್ಯಾಸೇಜ್ ಹೇಳಿಯೇ ಇಲ್ಲ. ಇತಿಹಾಸದ ಜ್ಞಾನ ಎಷ್ಟಿದ್ದರೂ ಇಲ್ಲಿ ಉಪಯೋಗವಿಲ್ಲ, ಪದಗಳ ಅರ್ಥವೆಲ್ಲ ಗೊತ್ತಿದ್ದರೂ ಸಾಲದು; ಯಾವ ವರ್ಷ ಯಾವ ಕ್ರಿಯೆಗೆ ಸೇರಿದೆ ಎಂಬ ವ್ಯಾಕರಣದ ತೀರ್ಮಾನವೊಂದೇ ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ನಡುವೆ ನಿಂತಿದೆ. ಪ್ರಶ್ನೆಯಲ್ಲಿರುವ ಪದವನ್ನು ಪ್ಯಾಸೇಜಿನಲ್ಲಿ ಹುಡುಕಿ ಅದರ ಹತ್ತಿರದ ಸಂಖ್ಯೆಯನ್ನು ಎತ್ತಿಕೊಳ್ಳುವ ರೂಢಿ ಕೈಕೊಡುವುದು ಇಂತಹ ಕಡೆಯೇ.

ಎರಡನೆಯ ವಾಕ್ಯದಲ್ಲಿ ಕಾಮಾ ಇಲ್ಲ. ಆದರೂ ‘ದಟ್’ ಎಂಬಲ್ಲಿಂದ ‘ಮೈನ್ಸ್’ ಎಂಬವರೆಗೆ ಆವರಣ ಹಾಕಬಹುದು. ಉದ್ದವಿದ್ದದ್ದು ಗಣಿಯಲ್ಲ, ತಂತಿಯ ಮಾರ್ಗ ಎಂಬುದು ಆಗ ಸಂದೇಹವಿಲ್ಲದೆ ತಿಳಿಯುತ್ತದೆ. ‘ಹೂ’, ‘ವಿಚ್’, ‘ದಟ್’, ‘ವೇರ್’ ಎಂಬ ಪದಗಳು ವಾಕ್ಯದ ನಡುವೆ ನಾಮಪದದ ಬೆನ್ನಿಗೇ ಕಂಡಾಗಲೆಲ್ಲ ಅಲ್ಲೊಂದು ಆವರಣ ತೆರೆದಿರಬಹುದು ಎಂದು ಎಚ್ಚರವಾಗಿರಿ. ಅದು ಎಲ್ಲಿ ಮುಚ್ಚುತ್ತದೆ ಎಂಬುದನ್ನು ಎರಡನೆಯ ಕ್ರಿಯಾಪದ ತಿಳಿಸುತ್ತದೆ. ಕೆಲವು ವಾರ ಪೆನ್ಸಿಲಿನಿಂದ ಹೀಗೆ ಮಾಡಿದವರಿಗೆ ಆಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ.

ಇದಕ್ಕಿಂತ ತುಸು ಕಷ್ಟದ ರೂಪವೊಂದಿದೆ, ಹತ್ತನೇ ತರಗತಿಯ ಮಟ್ಟದಲ್ಲಿ ಅದೂ ಎದುರಾಗುತ್ತದೆ. ‘ದಿ ಸ್ಟೇಷನ್ ಬಿಲ್ಟ್ ಆನ್ ದಿ ಕಾವೇರಿ ಸಪ್ಲೈಡ್ ಪವರ್ ಟು ದಿ ಮೈನ್ಸ್.’ ಇಲ್ಲಿ ‘ವಿಚ್’ ಕೂಡ ಇಲ್ಲ. ‘ಬಿಲ್ಟ್’ ಎಂಬುದನ್ನು ಕಂಡೊಡನೆ ‘ಸ್ಟೇಷನ್ ಏನನ್ನೋ ಕಟ್ಟಿತು’ ಎಂದುಕೊಂಡರೆ ಮುಂದಿನ ‘ಸಪ್ಲೈಡ್’ ಎಂಬ ಪದಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಕನ್ನಡ ವ್ಯಾಕರಣದಲ್ಲಿ ನೀವು ಕೃದಂತವನ್ನು ಓದಿದ್ದೀರಿ: ‘ಕಟ್ಟಿದ ಮನೆ’, ‘ಓದಿದ ಪುಸ್ತಕ’. ಇಲ್ಲಿನ ‘ಬಿಲ್ಟ್’ ಮಾಡುತ್ತಿರುವುದು ‘ಕಟ್ಟಿದ’ ಎಂಬ ಪದದ ಕೆಲಸವನ್ನೇ. ಹಿಂದೆ ‘ವಾಸ್’ ಅಥವಾ ‘ವರ್’ ಇಲ್ಲದೆ ಇಂತಹ ಪದ ಬಂದು, ಮುಂದೆ ಇನ್ನೊಂದು ಕ್ರಿಯಾಪದವೂ ಕಂಡರೆ, ಮೊದಲನೆಯದು ಬಹುಶಃ ವಿಶೇಷಣ, ಎರಡನೆಯದು ಮುಖ್ಯ ಕ್ರಿಯೆ. ಇಂಗ್ಲಿಷ್ ಪಾಠಕ್ಕೂ ಕನ್ನಡ ವ್ಯಾಕರಣಕ್ಕೂ ನಂಟೇ ಇಲ್ಲ ಎಂಬಂತೆ ಓದುವುದು ನಮ್ಮಲ್ಲಿ ಬಂದಿರುವ ಒಂದು ವಿಚಿತ್ರ ಅಭ್ಯಾಸ. ಕರ್ತೃ, ಕರ್ಮ, ಕೃದಂತ, ಕರ್ಮಣಿ ಪ್ರಯೋಗ ಇವೆಲ್ಲ ನಿಮಗೆ ಆಗಲೇ ಗೊತ್ತಿರುವ ಸಂಗತಿಗಳು, ಧಾರಾಳವಾಗಿ ಬಳಸಿಕೊಳ್ಳಿ.

ಕರ್ಮಣಿ ಪ್ರಯೋಗದ ಮಾತು ಬಂದದ್ದರಿಂದ ಪ್ಯಾಸಿವ್ ವಾಯ್ಸ್ ಬಗ್ಗೆ ಒಂದೆರಡು ಮಾತು. ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದು ನಾವು ಆಡುಮಾತಿನಲ್ಲಿ ಹೇಳುವುದಿಲ್ಲ, ಆದ್ದರಿಂದ ಪ್ಯಾಸಿವ್ ಎಂಬುದು ಪರೀಕ್ಷೆಗಾಗಿ ಮಾಡುವ ಒಂದು ಕಸರತ್ತು ಎಂಬ ಭಾವನೆ ಮಕ್ಕಳಲ್ಲಿ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಅದು ದಿನಬಳಕೆಯ ರೂಪ; ವಿಜ್ಞಾನದ ಪಾಠ, ಪತ್ರಿಕೆಯ ವರದಿ, ಸರ್ಕಾರಿ ಸೂಚನೆ ಎಲ್ಲದರಲ್ಲೂ ತುಂಬಿದೆ. ಅಲ್ಲದೆ ಅಭ್ಯಾಸ ಪುಸ್ತಕದ ಪ್ಯಾಸಿವ್ ವಾಕ್ಯಗಳ ಕೊನೆಯಲ್ಲಿ ‘ಬೈ’ ಎಂದು ಬಂದು ಮಾಡಿದವರ ಹೆಸರಿರುತ್ತದೆ, ನಿಜವಾದ ಬರವಣಿಗೆಯಲ್ಲಿ ಬಹಳಷ್ಟು ಕಡೆ ಅದು ಇರುವುದಿಲ್ಲ. ಮೇಲಿನ ಪ್ಯಾಸೇಜಿನಲ್ಲಿ ವಿದ್ಯುತ್ ಕೇಂದ್ರವನ್ನು ಯಾರು ಕಟ್ಟಿದರೆಂದು ಹೇಳಿಲ್ಲ. ಮಾಡಿದವರು ಗೊತ್ತಿಲ್ಲದಾಗ, ಅಥವಾ ಹೇಳುವ ಅಗತ್ಯವಿಲ್ಲದಾಗ, ಈ ರೂಪ ಬರುತ್ತದೆ. ಓದುವಾಗ ‘ವಾಸ್ ಬಿಲ್ಟ್’, ‘ಆರ್ ಗ್ರೋನ್’, ‘ಹ್ಯಾಸ್ ಬೀನ್ ಕ್ಲೋಸ್ಡ್’ ಎಂಬಂತಹವು ಸಿಕ್ಕಾಗ ‘ಯಾರು?’ ಎಂದು ಕೇಳಿಕೊಳ್ಳಿ, ಉತ್ತರ ಪ್ಯಾಸೇಜಿನಲ್ಲಿ ಇದೆಯೋ ಇಲ್ಲವೋ ನೋಡಿ. ಪರಿವರ್ತನೆಯ ಹತ್ತು ಲೆಕ್ಕಕ್ಕಿಂತ ಇದು ಹೆಚ್ಚು ಕಲಿಸುತ್ತದೆ.

ಮೂರನೆಯ ಮತ್ತು ನಾಲ್ಕನೆಯ ವಾಕ್ಯಗಳಲ್ಲಿ ಬೇರೊಂದು ಬಗೆಯ ಕೆಲಸವಿದೆ. ‘ಇಟ್ಸ್’ ಯಾರದು? ‘ದೆನ್’ ಯಾವಾಗ? ‘ದಿಸ್ ಪವರ್’ ಯಾವ ವಿದ್ಯುತ್ತು? ಸರ್ವನಾಮಗಳೂ ಇಂತಹ ಪದಗಳೂ ಹಿಂದಿನ ವಾಕ್ಯಕ್ಕೆ ಕೈಚಾಚಿರುತ್ತವೆ. ಪ್ರತಿಯೊಂದರಿಂದಲೂ ಅದು ಸೂಚಿಸುವ ಪದಕ್ಕೆ ಒಂದು ಬಾಣ ಎಳೆಯಿರಿ: ‘ಇಟ್ಸ್’ನಿಂದ ‘ಬ್ಯಾಂಗಲೋರ್’ಗೆ, ‘ದೆನ್’ನಿಂದ 1905ಕ್ಕೆ. ಪರೀಕ್ಷೆಯಲ್ಲಿ ನೇರವಾಗಿ ಕೇಳದಿದ್ದರೂ ಉತ್ತರ ಬರೆಯುವಾಗ ಇದು ಬೇಕೇ ಬೇಕು. ‘ದಿ’ ಎಂಬ ಆರ್ಟಿಕಲ್ ಕೂಡ ಎಷ್ಟೋ ಸಲ ಇದೇ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲವಾದ್ದರಿಂದ ನಾವು ಅದನ್ನು ಸದ್ದಿಲ್ಲದೆ ದಾಟಿಬಿಡುತ್ತೇವೆ. ಹೊಸದಾಗಿ ಒಂದು ವಸ್ತುವನ್ನು ಪರಿಚಯಿಸುವಾಗ ‘ಎ’ ಅಥವಾ ‘ಆ್ಯನ್’, ಆಗಲೇ ತಿಳಿದಿರುವುದನ್ನು ಮತ್ತೆ ಹೆಸರಿಸುವಾಗ ‘ದಿ’ ಎಂಬುದು ಸ್ಥೂಲವಾದ ನಿಯಮ. ಎರಡನೆಯ ವಾಕ್ಯದ ‘ದಿ ಮೈನ್ಸ್’ ಎಂದರೆ ಯಾವುದೋ ಗಣಿಗಳಲ್ಲ, ಮೊದಲ ವಾಕ್ಯದ ಕೋಲಾರದ ಗಣಿಗಳೇ. ಆರ್ಟಿಕಲ್‌ಗಳ ನಿಯಮಪಟ್ಟಿಯನ್ನು ಬಾಯಿಪಾಠ ಮಾಡಿದವರಿಗಿಂತ, ಓದುವಾಗ ಪ್ರತಿ ‘ದಿ’ಯನ್ನೂ ‘ಯಾವುದು?’ ಎಂದು ಕೇಳಿದವರಿಗೆ ಅವು ಬೇಗ ಒಲಿಯುತ್ತವೆ.

‘ಹ್ಯಾಡ್ ಬೀನ್ ಯೂಸಿಂಗ್’ ಎಂಬುದು ಯಾವ ಟೆನ್ಸ್ ಎಂದು ಕೇಳಿದರೆ ನೀವು ಹೆಸರು ಹೇಳಬಲ್ಲಿರಿ. ಅದು ಅಲ್ಲಿ ಏಕಿದೆ ಎಂಬುದು ಓದಿಗೆ ಬೇಕಾದ ಪ್ರಶ್ನೆ. 1905 ಎಂಬ ಹಿಂದಿನ ಒಂದು ಬಿಂದುವಿನಲ್ಲಿ ನಿಂತು, ಅದಕ್ಕೂ ಹಿಂದೆ ಶುರುವಾಗಿ ಅಲ್ಲಿಯವರೆಗೂ ನಡೆಯುತ್ತಿದ್ದುದನ್ನು ಹೇಳಲು ಈ ರೂಪ. ಕನ್ನಡದಲ್ಲಿ ‘ಆ ಹೊತ್ತಿಗೆ ಮೂರು ವರ್ಷದಿಂದ ಬಳಸುತ್ತಿದ್ದವು’ ಎನ್ನುತ್ತೇವೆ. ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ: ‘ನಿನ್ನೆ ಬಂದಿದ್ದಾನೆ’ ಎಂಬುದು ಕನ್ನಡದಲ್ಲಿ ಸಹಜವಾದರೂ ‘ಹಿ ಹ್ಯಾಸ್ ಕಮ್ ಯೆಸ್ಟರ್ಡೇ’ ಎಂಬುದು ಇಂಗ್ಲಿಷಿನಲ್ಲಿ ತಪ್ಪು. ನಿನ್ನೆ, ಕಳೆದ ವರ್ಷ, 1902 ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ‘ಹಿ ಕೇಮ್’ ಎಂಬ ಸರಳ ಭೂತಕಾಲ ಬರಬೇಕು. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬುದನ್ನು ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಎನ್ನುವುದು, ‘ಮಳೆ ಬರುತ್ತಿದೆ’ ಎನ್ನಲು ‘ಇಟ್ ಈಸ್ ರೈನಿಂಗ್’ ಎನ್ನದೆ ‘ರೈನ್ ಈಸ್ ಕಮಿಂಗ್’ ಎನ್ನುವುದು ಇದೇ ಜಾತಿಗೆ ಸೇರಿದವು; ನಿಮ್ಮ ಬರಹದಲ್ಲಿ ಮತ್ತೆ ಮತ್ತೆ ಕಾಣುವ ಇಂತಹ ಆರೇಳು ತಪ್ಪುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಸರಿಯಾದ ರೂಪವನ್ನು ಪಕ್ಕದಲ್ಲಿಟ್ಟು, ಕಾರಣವನ್ನು ಕನ್ನಡದಲ್ಲಿಯೇ ಬರೆದುಕೊಂಡರೆ ಸಾಕು.

ರಿಪೋರ್ಟೆಡ್ ಸ್ಪೀಚ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡುವಂತಿಲ್ಲ, ಏಕೆಂದರೆ ಕನ್ನಡಕ್ಕೂ ಇಂಗ್ಲಿಷಿಗೂ ದೊಡ್ಡ ವ್ಯತ್ಯಾಸವಿರುವ ಒಂದು ಜಾಗ ಅದು. ‘ರವಿ ನಾನು ನಾಳೆ ಬರುತ್ತೇನೆ ಎಂದು ಹೇಳಿದ’ ಎನ್ನುವಾಗ ರವಿಯ ಮಾತು ಹೇಗಿತ್ತೋ ಹಾಗೆಯೇ ಇರುತ್ತದೆ. ‘ನಾನು’ ಎಂದರೆ ರವಿ, ‘ನಾಳೆ’ ಎಂದರೆ ರವಿ ಮಾತಾಡಿದ ದಿನದ ಮರುದಿನ. ‘ಎಂದು’ ಎಂಬ ಒಂದು ಪದ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆ ತೆಗೆದ ಮೇಲೆ ಮಾತು ವರದಿ ಮಾಡುವವರ ಜಾಗದಿಂದ ಹೊಸದಾಗಿ ಹೇಳಿದಂತಾಗುತ್ತದೆ: ‘ರವಿ ಸೆಡ್ ದಟ್ ಹಿ ವುಡ್ ಕಮ್ ದಿ ನೆಕ್ಸ್ಟ್ ಡೇ.’ ವರದಿ ಮಾಡುವವನು ರವಿಯಲ್ಲವಾದ್ದರಿಂದ ‘ಐ’ ಎಂಬುದು ‘ಹಿ’ ಆಯಿತು, ಅವನು ಇನ್ನೊಂದು ದಿನ ನಿಂತು ಹೇಳುತ್ತಿರುವುದರಿಂದ ‘ಟುಮಾರೋ’ ಎಂಬುದು ‘ದಿ ನೆಕ್ಸ್ಟ್ ಡೇ’ ಆಯಿತು. ಗೈಡುಗಳಲ್ಲಿ ಕೊಡುವ ‘ನೌ’ ಇದ್ದರೆ ‘ದೆನ್’, ‘ವಿಲ್’ ಇದ್ದರೆ ‘ವುಡ್’ ಎಂಬ ಪಟ್ಟಿಯ ಹಿಂದಿರುವ ಕಾರಣ ಇಷ್ಟೇ, ಯಾರು ಎಲ್ಲಿ ಯಾವಾಗ ನಿಂತು ಹೇಳುತ್ತಿದ್ದಾರೆ ಎಂಬುದು. ಕಾರಣ ತಿಳಿದರೆ ಪಟ್ಟಿಯನ್ನು ಉರುಹೊಡೆಯಬೇಕಾಗಿಲ್ಲ.

ಶಾಲೆಯಲ್ಲಿ ನೀವು ನೇರ ಮಾತನ್ನು ವರದಿಯ ಮಾತಾಗಿ ಬದಲಿಸುತ್ತೀರಿ. ಓದಿಗೆ ಬೇಕಾದದ್ದು ಇದರ ತಿರುವು. ‘ದಿ ಟೀಚರ್ ಟೋಲ್ಡ್ ದಿ ಬಾಯ್ ದಟ್ ಹಿಸ್ ಫಾದರ್ ವುಡ್ ಬಿ ಪ್ರೌಡ್ ಆಫ್ ಹಿಮ್’ ಎಂದು ಕಥೆಯೊಂದರಲ್ಲಿ ಬಂದರೆ, ಮೇಷ್ಟ್ರ ಬಾಯಿಂದ ಬಂದ ಮಾತು ಏನಿದ್ದಿರಬಹುದು? ‘ನಿಮ್ಮಪ್ಪನಿಗೆ ನಿನ್ನ ಬಗ್ಗೆ ಹೆಮ್ಮೆಯಾಗುತ್ತದೆ ಕಣೋ’ ಎಂದು ಮನಸ್ಸಿನಲ್ಲಿಯೇ ಮರಳಿ ಕಟ್ಟಿಕೊಂಡರೆ, ‘ಹಿಸ್’ ಮತ್ತು ‘ಹಿಮ್’ ಎರಡೂ ಹುಡುಗನನ್ನೇ ಸೂಚಿಸುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ನಿಮ್ಮ ಪಠ್ಯಪುಸ್ತಕದ ಕಥೆಗಳಲ್ಲಿ ‘ಸೆಡ್ ದಟ್’, ‘ಟೋಲ್ಡ್’, ‘ಆಸ್ಕ್ಡ್ ಇಫ್’ ಬರುವ ವಾಕ್ಯಗಳನ್ನು ಆರಿಸಿ ಹೀಗೆ ನೇರ ಮಾತಿಗೆ ತಿರುಗಿಸುತ್ತ ಹೋಗಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

ಇನ್ನು ಪ್ರಶ್ನೆಗಳ ವಿಷಯ. ಕೊಟ್ಟ ಪ್ರಶ್ನೆಗೆ ಉತ್ತರಿಸುವುದಕ್ಕಿಂತ, ಪ್ಯಾಸೇಜಿನ ಮೇಲೆ ನೀವೇ ಪ್ರಶ್ನೆ ಮಾಡುವುದು ಹೆಚ್ಚು ಲಾಭದ ಅಭ್ಯಾಸ. ಗೆರೆ ಎಳೆದ ಪದ ಉತ್ತರವಾಗಿ ಬರುವಂತೆ ಪ್ರಶ್ನೆ ರಚಿಸುವುದನ್ನು ತರಗತಿಯಲ್ಲಿ ಮಾಡಿರುತ್ತೀರಿ. ಅದನ್ನೇ ಇಲ್ಲಿ ಮಾಡಿ. ‘ವಾಟ್ ವಾಸ್ ಬಿಲ್ಟ್ ಆನ್ ದಿ ಕಾವೇರಿ?’ ಎಂಬಲ್ಲಿ ಕರ್ತೃವನ್ನೇ ಕೇಳುತ್ತಿರುವುದರಿಂದ ವಾಕ್ಯದ ಕ್ರಮ ಬದಲಾಗಲಿಲ್ಲ. ‘ವೆನ್ ಡಿಡ್ ಬ್ಯಾಂಗಲೋರ್ ಗೆಟ್ ಇಟ್ಸ್ ಎಲೆಕ್ಟ್ರಿಕ್ ಲೈಟ್ಸ್?’ ಎಂಬಲ್ಲಿ ‘ಡಿಡ್’ ಬಂದಿದೆ. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡ ಮೇಲೆ ‘ಗಾಟ್’ ಎಂದು ಮತ್ತೆ ಬರೆಯುವಂತಿಲ್ಲ. ‘ಹೌ ಲಾಂಗ್ ವಾಸ್ ದಿ ಲೈನ್?’ ಎಂದರೆ ಉತ್ತರ ಕಿಲೋಮೀಟರಿನಲ್ಲಿ, ‘ಹೌ ಲಾಂಗ್ ಹ್ಯಾಡ್ ದಿ ಮೈನ್ಸ್ ಬೀನ್ ಯೂಸಿಂಗ್ ದಿಸ್ ಪವರ್?’ ಎಂದರೆ ಉತ್ತರ ವರ್ಷದಲ್ಲಿ. ‘ಹೌ ಲಾಂಗ್’ ಎಂಬುದೇನೋ ಎರಡರಲ್ಲೂ ಒಂದೇ. ನಾಲ್ಕು ಸಾಲಿಗೆ ಹೀಗೆ ಎಂಟು ಪ್ರಶ್ನೆ ಮಾಡಿದವರು ಆ ನಾಲ್ಕು ಸಾಲನ್ನು ಮರೆಯಲಾರರು, ಪ್ರಶ್ನೆ ರಚಿಸುವ ವ್ಯಾಕರಣವೂ ಕೈವಶವಾಗಿರುತ್ತದೆ. ಜೊತೆಗೊಬ್ಬ ಗೆಳತಿ ಇದ್ದರೆ ಇನ್ನೂ ಒಳ್ಳೆಯದು: ನಿಮ್ಮ ಪ್ರಶ್ನೆಗೆ ಅವರು, ಅವರ ಪ್ರಶ್ನೆಗೆ ನೀವು ಉತ್ತರ ಬರೆಯಿರಿ. ನಿಮ್ಮ ಪ್ರಶ್ನೆ ಅವರಿಗೆ ಅರ್ಥವಾಗದಿದ್ದರೆ ಅದರಲ್ಲಿ ವ್ಯಾಕರಣದೋಷವಿದೆಯೇ ಎಂದು ಇಬ್ಬರೂ ಕೂತು ನೋಡಬಹುದು.

ಪದಗಳನ್ನು ಬಾಯಿಪಾಠ ಮಾಡಬೇಕೆ ಎಂದಿದ್ದೀರಿ. ಪಟ್ಟಿ ಮಾಡಿ ಉರುಹೊಡೆಯುವುದು ಬೇಡ, ಆದರೆ ಪದಗಳು ಬೇಡವೆಂದು ನಾನು ಹೇಳುತ್ತಿಲ್ಲ. ಪದಕಲಿಕೆಯನ್ನು ಬಹುಕಾಲ ಅಧ್ಯಯನ ಮಾಡಿರುವ ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಅವರ ಪ್ರಕಾರ, ಯಾರ ನೆರವೂ ಇಲ್ಲದೆ ಸರಾಗವಾಗಿ ಓದಿ ಅರ್ಥಮಾಡಿಕೊಳ್ಳಲು ಪಠ್ಯದ ನೂರು ಪದಗಳಲ್ಲಿ ಸುಮಾರು 98 ಪದಗಳು ತಿಳಿದಿರಬೇಕು. ಇದರಿಂದ ನಿಮಗೊಂದು ಅಳತೆಗೋಲು ಸಿಗುತ್ತದೆ. ಹೊಸ ಪುಸ್ತಕವೊಂದರ ನೂರು ಪದಗಳಷ್ಟು ಭಾಗವನ್ನು ಓದಿ ನೋಡಿ. ತಿಳಿಯದ ಪದ ಎರಡೋ ಮೂರೋ ಇದ್ದರೆ ಅದು ಸುಮ್ಮನೆ ಓದುತ್ತ ಹೋಗಲು ತಕ್ಕ ಪುಸ್ತಕ. ಐದಾರು ಇದ್ದರೆ ಪೆನ್ಸಿಲ್ ಹಿಡಿದು ಕೂತು ಅಭ್ಯಾಸ ಮಾಡಲು ಸರಿ. ಹದಿನೈದು ಇದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಇಂಗ್ಲಿಷ್ ಸುಧಾರಿಸಲೆಂದು ಹಲವರು ಮೊದಲ ದಿನವೇ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯಕ್ಕೆ ಕೈಹಾಕಿ ವಾರದೊಳಗೆ ಬಿಟ್ಟುಬಿಡುತ್ತಾರೆ, ಅದಕ್ಕೆ ಕಾರಣ ಸೋಮಾರಿತನವಲ್ಲ, ಪಠ್ಯದ ಆಯ್ಕೆ.

ಹಾಗಾದರೆ ಏನನ್ನು ಓದಬೇಕು? ಕನ್ನಡ ಮಾಧ್ಯಮದವರಿಗೆ ನಾನು ಸಾಮಾನ್ಯವಾಗಿ ಮೊದಲು ಸೂಚಿಸುವುದು ನಿಮ್ಮದೇ ಸಮಾಜ ವಿಜ್ಞಾನ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಆವೃತ್ತಿಯನ್ನು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಮಾಧ್ಯಮಗಳ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಕಳೆದ ವರ್ಷ ಕನ್ನಡದಲ್ಲಿ ಓದಿ ಮುಗಿಸಿದ ಒಂದು ಪಾಠವನ್ನು ಆರಿಸಿ ಅದರ ಇಂಗ್ಲಿಷ್ ರೂಪವನ್ನು ದಿನಕ್ಕೆ ಒಂದು ಪ್ಯಾರಾದಂತೆ ಓದಿ. ವಿಷಯ ಆಗಲೇ ಗೊತ್ತಿರುವುದರಿಂದ ನಿಮ್ಮ ಗಮನವೆಲ್ಲ ವಾಕ್ಯದ ಕಟ್ಟಡದ ಮೇಲೆ ಇರುತ್ತದೆ, ಹೊಸ ಪದದ ಅರ್ಥವನ್ನು ನಿಘಂಟಿಲ್ಲದೆ ಊಹಿಸಬಹುದು, ಊಹೆ ಸರಿಯೋ ಎಂದು ಕನ್ನಡ ಪುಸ್ತಕದಲ್ಲಿಯೇ ನೋಡಿಕೊಳ್ಳಬಹುದು. ಪಿಯುಸಿಗೆ ಹೋದಾಗ ಹೆಚ್ಚಿನ ವಿಷಯಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದರೆ ಈ ಶ್ರಮ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಕಥೆಗಳು ಬೇಕೆಂದರೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ಹಂತಗಳಾಗಿ ವಿಂಗಡಿಸಿದ ಕಥೆಗಳಿವೆ, ಎಷ್ಟೋ ಕಥೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇವೆ. ಅವು ಪುಟ್ಟ ಮಕ್ಕಳ ಪುಸ್ತಕಗಳಂತೆ ಕಂಡರೆ ಸಂಕೋಚ ಬೇಡ; ಮೂರನೆಯ ಅಥವಾ ನಾಲ್ಕನೆಯ ಹಂತದಿಂದ ಶುರುಮಾಡಬಹುದು.

ಮೊಬೈಲಿನ ಅನುವಾದದ ಆ್ಯಪ್‌ಗಳನ್ನು ಬಳಸಲೇಬಾರದೆಂದು ನಾನು ಹೇಳುವುದಿಲ್ಲ. ನೀವು ನಿಮ್ಮ ಕನ್ನಡ ಅರ್ಥವನ್ನು ಬರೆದ ಮೇಲೆ ಹೋಲಿಸಲು ತೆರೆಯಿರಿ. ಮೊದಲೇ ತೆರೆದರೆ ಅಭ್ಯಾಸವನ್ನು ಮಾಡಿದ್ದು ಆ್ಯಪ್, ನೀವಲ್ಲ.

ಸಮಯದ ವಿಷಯದಲ್ಲಿ ಅರ್ಧ ಗಂಟೆ ಸಾಕು, ಆದರೆ ಪ್ರತಿದಿನವೂ ಆಗಬೇಕು. ಅಷ್ಟರಲ್ಲಿ ಐದಾರು ಸಾಲಿಗಿಂತ ಹೆಚ್ಚು ಮುಗಿಯದಿದ್ದರೂ ಚಿಂತೆಯಿಲ್ಲ. ಮೊದಲು ಒಮ್ಮೆ ಗಟ್ಟಿಯಾಗಿ, ಪದಗಳ ಗುಂಪಿನಲ್ಲಿ ನಿಲ್ಲಿಸಿ ಓದಿ. ತಪ್ಪಾದ ಕಡೆ ನಿಲ್ಲಿಸಿದಾಗ ವಾಕ್ಯ ಅರ್ಥವಾಗಿಲ್ಲವೆಂಬುದು ನಿಮ್ಮ ಕಿವಿಗೇ ತಿಳಿಯುತ್ತದೆ. ಆಮೇಲೆ ಕ್ರಿಯಾಪದಕ್ಕೆ ಗೆರೆ, ಆವರಣ, ಬಾಣ. ಕೊನೆಗೆ ನಾಲ್ಕೈದು ಪ್ರಶ್ನೆ ಮತ್ತು ಉತ್ತರ. ದ್ವಿತೀಯ ಭಾಷೆಯ ನೂರು ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಎಂಬುದು ನಿಮಗೆ ಗೊತ್ತೇ ಇದೆ. ಆ 80ರಲ್ಲಿ ನೇರವಾಗಿ ಪ್ಯಾಸೇಜಿಗೆ ಸಿಗುವ ಪಾಲು ಚಿಕ್ಕದೆಂದು ಉಪೇಕ್ಷಿಸಬೇಡಿ, ಏಕೆಂದರೆ ಪಾಠದ ಪ್ರಶ್ನೆಗಳನ್ನು ಸರಿಯಾಗಿ ಓದಿಕೊಳ್ಳುವುದಕ್ಕೂ, ಸ್ವಂತ ವಾಕ್ಯದಲ್ಲಿ ಪತ್ರ ಪ್ರಬಂಧ ಬರೆಯುವುದಕ್ಕೂ ಬೇಕಾದದ್ದು ಇದೇ ಸಾಮರ್ಥ್ಯ. ಪೂರ್ವಸಿದ್ಧತಾ ಪರೀಕ್ಷೆಗಳು ಹತ್ತಿರವಾದಾಗ ಮಾತ್ರ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸಿ.

ಕೊನೆಯ ಪ್ರಶ್ನೆ, ಸಾಲನ್ನು ಹಾಗೆಯೇ ಇಳಿಸಿ ಬರೆಯುವುದು ತಪ್ಪೇ ಎಂಬುದು. ಕೇಳಿದ ಮಾಹಿತಿ ಒಂದೇ ಸಾಲಿನಲ್ಲಿ ಪೂರ್ತಿಯಾಗಿ ಇದ್ದು, ಆ ಸಾಲು ಪ್ರಶ್ನೆಗೆ ನೇರ ಉತ್ತರವಾಗುವಂತಿದ್ದರೆ ತಪ್ಪಿಲ್ಲ. ಆದರೆ ‘ವೇರ್ ವಾಸ್ ದಿ ಪವರ್ ಸ್ಟೇಷನ್ ಬಿಲ್ಟ್?’ ಎಂದು ಕೇಳಿದಾಗ ಮೊದಲನೆಯ ವಾಕ್ಯವನ್ನು ಇಡಿಯಾಗಿ ಬರೆದರೆ, ಬೇಕಾದ ಮಾತನ್ನು ಆರಿಸಲು ನಿಮಗೆ ಬಂದಿಲ್ಲವೆಂದು ಮೌಲ್ಯಮಾಪಕರಿಗೆ ಅನ್ನಿಸಬಹುದು. ‘ಇಟ್ ವಾಸ್ ಬಿಲ್ಟ್ ಆನ್ ದಿ ಕಾವೇರಿ, ಅಟ್ ಶಿವನಸಮುದ್ರ’ ಎಂದರೆ ಸಾಕು. ‘ಹೂ ಗಾಟ್ ಎಲೆಕ್ಟ್ರಿಸಿಟಿ ಫಸ್ಟ್, ದಿ ಮೈನ್ಸ್ ಆರ್ ಬ್ಯಾಂಗಲೋರ್? ಹೌ ಡು ಯು ನೋ?’ ಎಂದು ಕೇಳಿದರೆ ಇಳಿಸಿ ಬರೆಯಲು ಸಾಲೇ ಸಿಗುವುದಿಲ್ಲ. ಮೊದಲ ವಾಕ್ಯವನ್ನೂ ಮೂರನೆಯ ವಾಕ್ಯವನ್ನೂ ಕೂಡಿಸಿ ನೀವೇ ಉತ್ತರ ಕಟ್ಟಬೇಕು. ‘ದಿ ಮೈನ್ಸ್ ಗಾಟ್ ಇಟ್ ಫಸ್ಟ್. ದೇ ಗಾಟ್ ಎಲೆಕ್ಟ್ರಿಸಿಟಿ ಇನ್ 1902, ಬಟ್ ಬ್ಯಾಂಗಲೋರ್ ಗಾಟ್ ಇಟ್ಸ್ ಲೈಟ್ಸ್ ಓನ್ಲಿ ಇನ್ 1905.’ ಮೊದಲ ವಾಕ್ಯದಲ್ಲಿ ತೀರ್ಮಾನ, ಎರಡನೆಯದರಲ್ಲಿ ಅದಕ್ಕೆ ಆಧಾರ. ಹಾಗೆಯೇ ‘ಬೈ ದೆನ್’ ಎಂದು ಶುರುವಾಗುವ ಸಾಲನ್ನು ಉತ್ತರವಾಗಿ ಎತ್ತಿಕೊಂಡರೆ ‘ದೆನ್’ ಎಂದರೆ ಯಾವಾಗ ಎಂಬುದು ನಿಮ್ಮ ಉತ್ತರದಲ್ಲಿ ಎಲ್ಲಿಯೂ ಇರುವುದಿಲ್ಲ, ಆದ್ದರಿಂದ ಅದನ್ನು ‘ಬೈ 1905’ ಎಂದು ಬದಲಿಸಿಯೇ ಬರೆಯಬೇಕು.